ಹರ್ನ್ಸ್ ಅವರ ಬಲಗೈ: ಬಾಕ್ಸಿಂಗ್ ಗುದ್ದಿಗೆ ಬಲ ಎಲ್ಲಿಂದ ಬರುತ್ತದೆ

(ಬಾಕ್ಸಿಂಗ್ ತರಬೇತುದಾರರು ಮತ್ತು ದೈಹಿಕ ಶಿಕ್ಷಣ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪವಿದು. ಅಂದು ಕೈಕಾಲು ಆಡಿಸಿ ತೋರಿಸಿದ್ದನ್ನೆಲ್ಲ ಇಲ್ಲಿ ಮಾತಿನಲ್ಲೇ ಹೇಳಬೇಕಾಗಿ ಬಂದಿರುವುದರಿಂದ ಕೆಲವು ಕಡೆ ವಿವರಣೆ ಉದ್ದವಾಗಿದೆ.)

ಬಾಕ್ಸಿಂಗ್ ಕಲಿಯಲು ಬರುವ ಹುಡುಗ ಹುಡುಗಿಯರು ಮೊದಲ ಎರಡು ಮೂರು ತಿಂಗಳೊಳಗೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಸರ್, ನನ್ನ ಪಂಚ್‌ನಲ್ಲಿ ಪವರ್ ಬರ್ತಾ ಇಲ್ಲ, ಏನು ಮಾಡಲಿ?” ಹಾಗೆ ಕೇಳುವಾಗ ಅವರು ಮುಟ್ಟಿ ತೋರಿಸುವುದು ತಮ್ಮ ತೋಳನ್ನು. ಮಾರನೆಯ ದಿನದಿಂದಲೇ ದಿನಕ್ಕೆ ನೂರು ಪುಷ್‌ಅಪ್ ಹೊಡೆಯಲು, ಡಂಬಲ್ ಎತ್ತಲು ಆರಂಭಿಸುತ್ತಾರೆ. ಮೂರು ತಿಂಗಳಾದ ಮೇಲೆ ನೋಡಿದರೆ ತೋಳು ದಪ್ಪಗಾಗಿರುತ್ತದೆ, ಅಂಗಿ ಬಿಗಿಯಾಗಿರುತ್ತದೆ, ಗುದ್ದು ಮಾತ್ರ ಇದ್ದಲ್ಲೇ ಇರುತ್ತದೆ, ಕೆಲವರಲ್ಲಿ ಮೊದಲಿಗಿಂತ ನಿಧಾನವೂ ಆಗಿರುತ್ತದೆ. ನನ್ನ ಈ ಹೊತ್ತಿನ ಮಾತೆಲ್ಲ ಈ ಒಂದು ತಪ್ಪು ತಿಳಿವಳಿಕೆಯ ಸುತ್ತಲಿನದು. ಗುದ್ದಿನ ಬಲ ಪಾದವು ನೆಲವನ್ನು ಒತ್ತುವಲ್ಲಿ ಹುಟ್ಟಿ, ಕಾಲು, ಸೊಂಟ, ಬೆನ್ನು, ಭುಜಗಳನ್ನು ಹಾದು ಬಂದು ಮುಷ್ಟಿಯಲ್ಲಿ ಹೊರಬೀಳುತ್ತದೆ. ಕಟ್ಟೆಯಿಂದ ಬಿಟ್ಟ ನೀರು ನಾಲೆಯ ಕೊನೆಯ ಗದ್ದೆಗೆ ತಲುಪದಿದ್ದರೆ ಕಟ್ಟೆಯನ್ನು ಎತ್ತರಿಸುವ ಮುನ್ನ ನಾಲೆ ಎಲ್ಲಿ ಸೋರುತ್ತಿದೆ ಎಂದು ನೋಡುತ್ತೇವಲ್ಲ, ತರಬೇತುದಾರನ ಕೆಲಸದ ಬಹುಪಾಲು ಆ ಬಗೆಯದು.

ಇದಕ್ಕೆ ನನಗೆ ತಿಳಿದಿರುವ ಅತಿ ಒಳ್ಳೆಯ ಸಾಕ್ಷಿ ಅಮೆರಿಕದ ಥಾಮಸ್ ಹರ್ನ್ಸ್. ಡೆಟ್ರಾಯ್ಟ್ ನಗರದ ಈ ಬಾಕ್ಸರ್ ಆರು ಅಡಿ ಒಂದು ಅಂಗುಲ ಎತ್ತರದ, ಸಣಕಲು ಮೈಕಟ್ಟಿನ ಯುವಕ. ಹವ್ಯಾಸಿ ಬಾಕ್ಸಿಂಗ್‌ನಲ್ಲಿ 155 ಪಂದ್ಯಗಳನ್ನು ಗೆದ್ದು ಎಂಟರಲ್ಲಿ ಮಾತ್ರ ಸೋತಿದ್ದರೂ ಅವರ ನಾಕೌಟ್‌ಗಳ ಸಂಖ್ಯೆ ಹನ್ನೆರಡರ ಆಸುಪಾಸಿನಲ್ಲಿತ್ತು. ಅಂದರೆ ಅವರನ್ನು ಯಾರೂ ಬಲಶಾಲಿ ಗುದ್ದಿನವರೆಂದು ಕರೆಯುವಂತಿರಲಿಲ್ಲ. ದೂರದಿಂದ ಜಾಬ್, ಅಂದರೆ ಮುಂದಿನ ಕೈಯ ಚುಟುಕು ನೇರ ಗುದ್ದು, ಹಾಕುತ್ತ ಅಂಕ ಗಳಿಸುವ ಆಟಗಾರ ಅವರು. 1977ರಲ್ಲಿ ವೃತ್ತಿಪರರಾದ ಮೇಲೆ ಅದೇ ಹರ್ನ್ಸ್ ತಮ್ಮ ಮೊದಲ 17 ಎದುರಾಳಿಗಳನ್ನೂ ನಾಕೌಟ್ ಮಾಡಿದರು. ವೃತ್ತಿಜೀವನ ಮುಗಿಯುವ ಹೊತ್ತಿಗೆ ಅವರ 61 ಗೆಲುವುಗಳಲ್ಲಿ 48 ನಾಕೌಟ್‌ಗಳಿದ್ದವು. 1984ರ ಜೂನ್‌ನಲ್ಲಿ, ಗಟ್ಟಿತನಕ್ಕೆ ಹೆಸರಾಗಿದ್ದ ಪನಾಮಾದ ರಾಬರ್ಟೊ ಡ್ಯುರಾನ್ ಅವರನ್ನು ಎರಡನೇ ರೌಂಡಿನಲ್ಲಿ ಬಲಗೈಯಿಂದ ಹೊಡೆದು ಮುಖ ಅಡಿಯಾಗಿ ಬೀಳಿಸಿದ್ದು ಈಗಲೂ ಬಾಕ್ಸಿಂಗ್ ಬಲ್ಲವರ ಕಣ್ಣಿನಲ್ಲಿದೆ.

ನಡುವೆ ಏನಾಯಿತು? ಕ್ರಾಂಕ್ ಜಿಮ್ ಎಂಬ ನೆಲಮಾಳಿಗೆಯ ತರಬೇತಿ ಕೇಂದ್ರದಲ್ಲಿ ಎಮ್ಯಾನ್ಯುಯೆಲ್ ಸ್ಟೀವರ್ಡ್ ಎಂಬ ತರಬೇತುದಾರರು ಈ ಯುವಕನ ಸಮತೋಲನವನ್ನು ತಿದ್ದಿದರು. ಓಡಾಡುತ್ತ ಕೈ ಬೀಸುವುದರ ಬದಲು ಕಾಲೂರಿ, ಮಂಡಿ ತುಸು ಬಾಗಿಸಿ, ಮೈಯ ತೂಕವನ್ನೆಲ್ಲ ಗುದ್ದಿನ ಹಿಂದೆ ನಿಲ್ಲಿಸುವುದನ್ನು ಕಲಿಸಿದರು. ಹವ್ಯಾಸಿ ಪಂದ್ಯಗಳು ಮೂರೇ ರೌಂಡಿನವು, ಗ್ಲೌಸ್ ಹೆಚ್ಚು ಮೆತ್ತನೆಯದು, ಹಾಗಾಗಿ ಅಲ್ಲಿ ನಾಕೌಟ್ ಸಹಜವಾಗಿಯೇ ಕಡಿಮೆ ಎಂದು ಯಾರಾದರೂ ಆಕ್ಷೇಪಿಸಬಹುದು, ಅದೂ ನಿಜವೇ. ಆದರೆ ಗ್ಲೌಸ್ ಬದಲಾದದ್ದರಿಂದಲೇ ಎಲ್ಲವೂ ಆಗುವುದಾದರೆ ಹವ್ಯಾಸಿ ಬಾಕ್ಸಿಂಗ್ ಬಿಟ್ಟು ಬಂದವರೆಲ್ಲ ಹರ್ನ್ಸ್ ಆಗಬೇಕಿತ್ತು. “ಗುದ್ದುವವನು ಹುಟ್ಟುತ್ತಾನೆ, ತಯಾರಾಗುವುದಿಲ್ಲ” ಎಂಬ ಮಾತು ಜಿಮ್‌ಗಳಲ್ಲಿ ಬಹಳ ಹಳೆಯದು. ಸ್ನಾಯುವಿನ ನಾರುಗಳಲ್ಲಿ ವೇಗದವು ಎಷ್ಟು, ನಿಧಾನದವು ಎಷ್ಟು ಎಂಬುದು ಹುಟ್ಟಿನಿಂದ ಬರುವ ಮಟ್ಟಿಗೆ ನಾನು ಆ ಮಾತನ್ನು ಒಪ್ಪುತ್ತೇನೆ. ಉಳಿದಂತೆ ಅದು ಸೋಮಾರಿ ತರಬೇತುದಾರರ ಅನುಕೂಲಕ್ಕೆ ಹುಟ್ಟಿದ ಮಾತು ಎಂಬುದು ನನ್ನ ಅಭಿಪ್ರಾಯ.

ಈಗ ಒಂದಿಷ್ಟು ಅಂಕಿಗಳನ್ನು ನೋಡೋಣ. 1985ರಲ್ಲಿ ಬ್ರಿಟನ್ನಿನ ಸಂಶೋಧಕರು ಅಲ್ಲಿನ ಹೆವಿವೇಟ್ ಬಾಕ್ಸರ್ ಫ್ರಾಂಕ್ ಬ್ರೂನೊ ಅವರ ಗುದ್ದನ್ನು ಅಳೆದು ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ತೂಗುಹಾಕಿದ ಗುರಿಗೆ ಮುಷ್ಟಿ ತಾಗಿದಾಗ ಅದರ ವೇಗ ಸೆಕೆಂಡಿಗೆ 8.9 ಮೀಟರ್ ಇತ್ತು. ಬಲ 14 ಮಿಲಿಸೆಕೆಂಡುಗಳೊಳಗೆ 4096 ನ್ಯೂಟನ್‌ಗೆ, ಅಂದರೆ ಸುಮಾರು 400 ಕಿಲೋಗ್ರಾಂ ಭಾರಕ್ಕೆ ಸಮನಾದ ಮಟ್ಟಕ್ಕೆ, ಏರಿತು. ಮೆತ್ತೆ ಕಟ್ಟಿದ 6 ಕಿಲೋಗ್ರಾಂ ತೂಕದ ಮರದ ಕೊಡತಿಯನ್ನು ಗಂಟೆಗೆ 32 ಕಿಲೋಮೀಟರ್ ವೇಗದಲ್ಲಿ ಬೀಸಿದರೆ ಆಗುವ ಹೊಡೆತ ಇದು ಎಂದು ಅವರು ಹೋಲಿಸಿದ್ದರು. ಆ 6 ಕಿಲೋಗ್ರಾಂ ಎಂಬ ಅಂಕಿಯ ಮೇಲೆ ನಾನು ನಿಮ್ಮ ಗಮನ ಸೆಳೆಯುತ್ತೇನೆ. ಮನುಷ್ಯನ ಒಂದು ತೋಳು, ಭುಜದಿಂದ ಬೆರಳ ತುದಿಯವರೆಗೆ, ಅವನ ಮೈತೂಕದ ಶೇಕಡಾ 5ರಷ್ಟಿರುತ್ತದೆ. ನೂರು ಕಿಲೋಗ್ರಾಂ ಆಸುಪಾಸಿನ ಬಾಕ್ಸರ್‌ನ ತೋಳು 5 ಕಿಲೋಗ್ರಾಂ. ಇಡೀ ತೋಳನ್ನು ಕಬ್ಬಿಣದ ಸಲಾಕೆಯಂತೆ ಬಿಗಿ ಹಿಡಿದು ಎಸೆದರೂ 6 ಕಿಲೋಗ್ರಾಂ ಕೊಡತಿಯಾಗುವುದಿಲ್ಲ. ಅಂದರೆ ತಾಗಿದ ಕ್ಷಣದಲ್ಲಿ ಆ ಮುಷ್ಟಿಯ ಬೆನ್ನಿಗೆ ತೋಳಿಗಿಂತ ಹೆಚ್ಚಿನದೇನೋ ನಿಂತಿತ್ತು. ಅದು ಮುಂಡದ ತೂಕ. ನಮ್ಮ 60 ಕಿಲೋಗ್ರಾಂ ಹುಡುಗನ ತೋಳು ಕೇವಲ 3 ಕಿಲೋಗ್ರಾಂ ಎಂಬುದನ್ನು ನೆನೆದರೆ, ಮುಂಡವನ್ನು ಗುದ್ದಿನ ಹಿಂದೆ ತರದೆ ಅವನಿಗೆ ಬೇರೆ ದಾರಿಯಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

2000ದಲ್ಲಿ ಪ್ರಕಟವಾದ ಇನ್ನೊಂದು ಬ್ರಿಟಿಷ್ ಅಧ್ಯಯನ ಹಿಂಗೈ (ನಿಲುವಿನಲ್ಲಿ ಹಿಂದೆ ಇರುವ ಕೈ) ಗುದ್ದನ್ನು ಅಳೆದಾಗ ಅತ್ಯುನ್ನತ ಮಟ್ಟದ ಬಾಕ್ಸರ್‌ಗಳಲ್ಲಿ ಸರಾಸರಿ 4800 ನ್ಯೂಟನ್, ಮಧ್ಯಮ ಮಟ್ಟದವರಲ್ಲಿ 3722, ಹೊಸಬರಲ್ಲಿ 2381 ಬಂದಿತ್ತು. ಎರಡು ಪಟ್ಟಿನ ಈ ಅಂತರವನ್ನು ತೋಳಿನ ಸ್ನಾಯು ಒಂದರಿಂದಲೇ ವಿವರಿಸಲಾಗದು. ಯಾವ ನುರಿತ ಬಾಕ್ಸರ್‌ನ ತೋಳೂ ಹೊಸಬನ ತೋಳಿಗಿಂತ ಎರಡು ಪಟ್ಟು ದಪ್ಪವಿರುವುದಿಲ್ಲ. ಇದಕ್ಕೆ ಪೂರಕವಾದ ಲೆಕ್ಕವನ್ನು ಸೋವಿಯತ್ ಸಂಶೋಧಕರು 1980ರ ದಶಕದಲ್ಲೇ ಕೊಟ್ಟಿದ್ದರು. ನುರಿತ ಬಾಕ್ಸರ್‌ಗಳ ಗುದ್ದಿನಲ್ಲಿ ಕಾಲಿನ ಪಾಲು ಶೇಕಡಾ 38ರಷ್ಟು, ಮುಂಡದ್ದು 37ರಷ್ಟು, ತೋಳಿನದು ಕೇವಲ 24ರಷ್ಟು ಎಂದು ಅವರು ಕಂಡರು. ಕೆಳಹಂತದ ಬಾಕ್ಸರ್‌ಗಳಲ್ಲಿ ಕಾಲಿನ ಪಾಲು 16–17ಕ್ಕೆ ಇಳಿದು ತೋಳಿನದು 38ಕ್ಕೆ ಏರಿತ್ತು. ನಮ್ಮ ಹುಡುಗ ತೋಳು ಮುಟ್ಟಿ ಪ್ರಶ್ನೆ ಕೇಳುವುದು ಏಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ: ಅವನು ನಿಜಕ್ಕೂ ತೋಳಿನಿಂದಲೇ ಗುದ್ದುತ್ತಿರುತ್ತಾನೆ.

ಇದನ್ನು ಅವನಿಗೆ ಮನವರಿಕೆ ಮಾಡಲು ನಾನು ಒಂದು ಕುರ್ಚಿಯನ್ನು ಬಳಸುತ್ತೇನೆ. ಹುಡುಗನನ್ನು ಹೆವಿ ಬ್ಯಾಗಿನ (ಸರಪಳಿಯಿಂದ ತೂಗುಹಾಕಿದ, ಗುದ್ದಿ ಅಭ್ಯಾಸ ಮಾಡುವ ಭಾರದ ಚೀಲ) ಮುಂದೆ ಕುರ್ಚಿಯಲ್ಲಿ ಕೂರಿಸಿ, ಎರಡೂ ಪಾದ ಮೇಲೆತ್ತಿಸಿ, ಹತ್ತು ಸಲ ಜೋರಾಗಿ ಗುದ್ದಲು ಹೇಳುತ್ತೇನೆ. ಬ್ಯಾಗು ಹೆಚ್ಚು ಕದಲುವುದಿಲ್ಲ. ಬಳಿಕ ಪಾದಗಳನ್ನು ನೆಲಕ್ಕೆ ಊರಲು ಹೇಳುತ್ತೇನೆ; ಆಮೇಲೆ ಎದ್ದು ನಿಂತು ಗುದ್ದಲು. ಒಳ್ಳೆಯ ಬಾಕ್ಸರ್ ಆದರೆ ಮೂರು ಹಂತಗಳ ನಡುವೆ ಅಜಗಜಾಂತರ ಕಾಣಬೇಕು. ಕೂತು ಹೊಡೆದದ್ದಕ್ಕೂ ನಿಂತು ಹೊಡೆದದ್ದಕ್ಕೂ ವ್ಯತ್ಯಾಸವೇ ಇಲ್ಲದಿದ್ದರೆ ಅವನ ಸಮಸ್ಯೆಯನ್ನು ಬಾಯಿಬಿಟ್ಟು ಹೇಳುವ ಅಗತ್ಯ ಬೀಳುವುದಿಲ್ಲ.

ಹಿಂಗೈಯ ನೇರ ಗುದ್ದನ್ನು, ಅಂದರೆ ಕ್ರಾಸನ್ನು, ತೆಗೆದುಕೊಂಡು ಬಲದ ದಾರಿಯನ್ನು ನೋಡೋಣ. ಬಲಗೈಯವನ ಎಡಗಾಲು ಮುಂದೆ, ಬಲಗಾಲು ಹಿಂದೆ ಇರುತ್ತದೆ. ಮೊದಲು ಹಿಂದಿನ ಪಾದದ ಮುಂಭಾಗ ನೆಲವನ್ನು ಒತ್ತುತ್ತದೆ, ಹಿಮ್ಮಡಿ ಎದ್ದು ಹೊರಕ್ಕೆ ತಿರುಗುತ್ತದೆ, ಆ ತಿರುವು ಮಂಡಿಯ ಮೂಲಕ ಸೊಂಟಕ್ಕೆ ಏರುತ್ತದೆ, ಸೊಂಟ ಗುರಿಯತ್ತ ತಿರುಗಿದ ಒಂದು ಕ್ಷಣದ ನಂತರ ಎದೆ ತಿರುಗುತ್ತದೆ, ಅದಾದ ಮೇಲೆ ಭುಜ ಮುಂದೆ ಚಾಚುತ್ತದೆ, ಕಟ್ಟಕಡೆಯಲ್ಲಿ ಮೊಣಕೈ ನೆಟ್ಟಗಾಗಿ ಮುಷ್ಟಿ ಮಗುಚಿಕೊಂಡು ತಾಗುತ್ತದೆ. ಈ ಕ್ರಮವೇ ಮುಖ್ಯ. ಎಲ್ಲವೂ ಒಟ್ಟಿಗೆ ತಿರುಗಿದರೆ ಬಾಗಿಲು ತಿರುಗಿದಂತಾಗುತ್ತದೆ; ಒಂದರ ಹಿಂದೆ ಒಂದು ತಿರುಗಿದರೆ ಕವಣೆ ಬೀಸಿದಂತಾಗುತ್ತದೆ, ಪ್ರತಿ ಹಂತವೂ ಮುಂದಿನದಕ್ಕೆ ತನ್ನ ವೇಗವನ್ನು ದಾಟಿಸುತ್ತದೆ. ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ: ದಾಟಿಸಬೇಕಾದರೆ ಮುಂದಿನ ಕಾಲು ಗಟ್ಟಿಯಾಗಿ ತಡೆ ಕೊಡಬೇಕು. ವೇಗದ ಬೌಲರ್ ಚೆಂಡು ಬಿಡುವ ಕ್ಷಣದಲ್ಲಿ ಮುಂಗಾಲನ್ನು ಹೇಗೆ ನೆಟ್ಟಗೆ ನೆಡುತ್ತಾನೆ ಎಂಬುದನ್ನು ಕ್ರಿಕೆಟ್ ನೋಡುವವರೆಲ್ಲ ಬಲ್ಲರು. ಓಡಿ ಬಂದ ವೇಗವೆಲ್ಲ ಆ ಕಾಲಿನ ತಡೆಗೆ ಸಿಕ್ಕು ಮೇಲಿನ ಮೈಗೆ ಏರುತ್ತದೆ. ಬಾಕ್ಸರ್‌ನ ಮುಂದಿನ ಮಂಡಿ ಗುದ್ದುವಾಗ ಕುಸಿದು ಮುಂದೆ ಜಾರಿದರೆ ಬಲದ ಒಂದು ದೊಡ್ಡ ಪಾಲು ಅಲ್ಲೇ ಸೋರಿಹೋಗುತ್ತದೆ, ಮೇಲಾಗಿ ಮೈ ಮುಗ್ಗರಿಸಿ, ಕೆಳಗಿನಿಂದ ಮೇಲಕ್ಕೆ ಬರುವ ಎದುರಾಳಿಯ ಅಪ್ಪರ್‌ಕಟ್‌ಗೆ ಗದ್ದ ಒಪ್ಪಿಸಿದಂತಾಗುತ್ತದೆ.

ಸೋರುವ ಇತರ ಜಾಗಗಳು ಇವೇ ಕೀಲುಗಳ ಸುತ್ತ ಇವೆ. ಮೊಣಕೈ ಹೊರಕ್ಕೆ ರೆಕ್ಕೆಯಂತೆ ಎದ್ದರೆ ಮುಂಡದ ತೂಕ ಮುಷ್ಟಿಯ ಹಿಂದಿನ ಗೆರೆಯಿಂದ ತಪ್ಪುತ್ತದೆ. ಮಣಿಕಟ್ಟು ಬಾಗಿದರೆ ಬಲವೂ ಹೋಯಿತು, ಕೈಯೂ ಹೋಯಿತು. ಹೊಟ್ಟೆಯ ಸ್ನಾಯು ಸಡಿಲವಾಗಿದ್ದರೆ ಸೊಂಟ ಎಷ್ಟು ತಿರುಗಿದರೂ ಎದೆಗೆ ಅದು ಮುಟ್ಟುವುದಿಲ್ಲ; ತಾಗುವ ಕ್ಷಣದಲ್ಲಿ ಮೂಗಿನಿಂದ ಚುಟುಕಾಗಿ ಉಸಿರು ಹೊರಹಾಕುವುದು ಇದಕ್ಕಾಗಿಯೇ, ಸದ್ದು ಮಾಡುವ ಶೋಕಿಗಾಗಿ ಅಲ್ಲ.

ಜಾಬ್‌ನಲ್ಲಿ ಸೊಂಟ ತಿರುಗಲು ಅಷ್ಟು ಅವಕಾಶವಿಲ್ಲ, ಆದ್ದರಿಂದ ಅದಕ್ಕೆ ಬಲ ಬೇರೆ ಮೂಲದಿಂದ ಬರಬೇಕು. ಇದನ್ನು ಅತ್ಯಂತ ಸ್ಪಷ್ಟವಾಗಿ ಹೇಳಿದವರು ಜಾಕ್ ಡೆಂಪ್ಸಿ. 1919ರ ಜುಲೈ 4ರಂದು ಒಹಾಯೋ ರಾಜ್ಯದ ಟೊಲೀಡೋದಲ್ಲಿ, ಸುಮಾರು 85 ಕಿಲೋಗ್ರಾಂ ತೂಗುತ್ತಿದ್ದ ಡೆಂಪ್ಸಿ, 111 ಕಿಲೋಗ್ರಾಂ ತೂಕದ ಜೆಸ್ ವಿಲರ್ಡ್ ಅವರನ್ನು ಮೊದಲ ರೌಂಡಿನಲ್ಲೇ ಏಳು ಬಾರಿ ಕೆಡವಿ ವಿಶ್ವ ಹೆವಿವೇಟ್ ಪಟ್ಟ ಗೆದ್ದವರು. ಅವರ ಪ್ರಕಾರ ಮುಂದಿನ ಕಾಲನ್ನು ನೆಲದಿಂದ ಎತ್ತಿದ ಕೂಡಲೇ ಮೈ ತಾನಾಗಿ ಮುಂದಕ್ಕೆ ಬೀಳತೊಡಗುತ್ತದೆ, ಆ ಕಾಲು ಮತ್ತೆ ನೆಲ ಮುಟ್ಟುವ ಮುನ್ನವೇ ಮುಷ್ಟಿ ಗುರಿ ಮುಟ್ಟಬೇಕು. ಆಗ ಬೀಳುತ್ತಿರುವ ಇಡೀ ಮೈತೂಕ ಮುಷ್ಟಿಯೊಳಗಿರುತ್ತದೆ. ಕಾಲು ಮೊದಲು ಮುಟ್ಟಿದರೆ ಆ ತೂಕವೆಲ್ಲ ನೆಲದ ಪಾಲು. ನಮ್ಮ ಅಜ್ಜಿಯರು ಒನಕೆಯಲ್ಲಿ ಭತ್ತ ಕುಟ್ಟುವುದನ್ನು ನೋಡಿದವರಿಗೆ ಈ ತತ್ತ್ವ ಹೊಸದೇನಲ್ಲ. ಒನಕೆಯನ್ನು ತೋಳಿನಿಂದ ಅದುಮಿದವಳು ಹತ್ತು ಪೆಟ್ಟಿಗೇ ಸೋಲುತ್ತಾಳೆ. ಬಲ್ಲವಳು ಅದನ್ನು ಎತ್ತಿ, ಅದರೊಂದಿಗೆ ತನ್ನ ಮೈಯನ್ನೂ ತುಸು ಇಳಿಬಿಟ್ಟು, ಬೀಳುವ ತೂಕಕ್ಕೆ ಕೆಲಸ ಮಾಡಲು ಬಿಡುತ್ತಾಳೆ. ಜಾಬ್ ಎಂದರೆ ಬರೀ ದೂರ ಅಳೆಯುವ ಕೋಲು ಎಂದು ಹೇಳಿಕೊಡುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಅದು ಅರ್ಧ ಪಾಠ.

ಪಕ್ಕದಿಂದ ಬಳಸಿ ಬರುವ ಗುದ್ದಾದ ಹುಕ್ ಮತ್ತೊಂದು ಬಗೆಯದು. ಅದರಲ್ಲಿ ತೋಳು ಬಾಗಿದ ಸ್ಥಿತಿಯಲ್ಲೇ ಬಿಗಿಯಾಗಿ ಮುಂಡಕ್ಕೆ ಬೆಸೆದುಕೊಂಡಿರುತ್ತದೆ, ತಿರುಗುವುದು ಮುಂಡ. ತೂಕ ಮುಂದಿನ ಕಾಲಿನಿಂದ ಹಿಂದಿನ ಕಾಲಿಗೆ ವರ್ಗವಾಗುತ್ತದೆ. ಈ ಗುದ್ದಿಗೆ ಜೋ ಫ್ರೇಜಿಯರ್ ಅವರ ಎಡಗೈಗಿಂತ ಒಳ್ಳೆಯ ಮಾದರಿಯಿಲ್ಲ. ದಕ್ಷಿಣ ಕೆರೊಲಿನಾದಲ್ಲಿ ಬಾಲ್ಯ ಕಳೆದ ಅವರ ಎಡಗೈ ಚಿಕ್ಕಂದಿನಲ್ಲಿ ಬಿದ್ದು ಪೆಟ್ಟಾಗಿ, ಚಿಕಿತ್ಸೆಗೆ ಹಣವಿಲ್ಲದೆ ತಾನಾಗಿ ವಾಸಿಯಾದದ್ದು. ಅದು ಮುಂದೆ ಎಂದೂ ಪೂರ್ತಿ ನೆಟ್ಟಗಾಗಲಿಲ್ಲ. ಹುಕ್‌ಗೆ ಬೇಕಾದ ಬಾಗು ಅವರಿಗೆ ಆ ಪೆಟ್ಟಿನಿಂದಲೇ ದಕ್ಕಿತ್ತು ಎನ್ನಬಹುದು. 1971ರ ಮಾರ್ಚ್ 8ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮುಹಮ್ಮದ್ ಅಲಿಯವರನ್ನು ಹದಿನೈದನೇ ರೌಂಡಿನಲ್ಲಿ ಅವರು ಕೆಡವಿದ ಹುಕ್ಕನ್ನು ನಿಧಾನಗತಿಯಲ್ಲಿ ನೋಡಿ. ಮುಷ್ಟಿ ಬರುವ ಮುನ್ನ ಮಂಡಿಗಳು ಬಾಗಿ ಇಡೀ ಮೈ ತಗ್ಗಿನಿಂದ ಮೇಲೆದ್ದು ಬರುತ್ತದೆ. ಹದಿನಾಲ್ಕು ರೌಂಡು ಆಡಿ ದಣಿದ ತೋಳಿನಲ್ಲಿ ಆ ಬಲ ಇರಲು ಸಾಧ್ಯವೇ ಇರಲಿಲ್ಲ.

ಇಷ್ಟೆಲ್ಲ ಕ್ರಮ ಕಲಿತ ಮೇಲೂ ಗುದ್ದು ಮಂದವಾಗಿಯೇ ಇದ್ದರೆ ಕಾರಣ ಬಹುಮಟ್ಟಿಗೆ ಬಿಗಿತ. ಜೋರಾಗಿ ಹೊಡೆಯಬೇಕೆಂದು ಹಟ ತೊಟ್ಟ ಹುಡುಗ ಮೊದಲು ಮಾಡುವುದು ಹಲ್ಲು ಕಚ್ಚುವುದು, ಮುಷ್ಟಿ ಬಿಗಿಯುವುದು, ಭುಜ ಎತ್ತುವುದು. ಮೊಣಕೈಯನ್ನು ಬಾಗಿಸುವ ಸ್ನಾಯು ಬಿಗಿದಿರುವಾಗ ಅದನ್ನು ನೆಟ್ಟಗಾಗಿಸುವ ಸ್ನಾಯು ಎಷ್ಟು ಎಳೆದರೂ ತೋಳು ಬ್ರೇಕ್ ಹಾಕಿಕೊಂಡೇ ಗಾಡಿ ಓಡಿಸಿದಂತೆ ಚಲಿಸುತ್ತದೆ. ಕೆನಡಾದ ಬೆನ್ನುಮೂಳೆ ತಜ್ಞ ಸ್ಟುವರ್ಟ್ ಮೆಕ್‌ಗಿಲ್ ಮತ್ತು ಸಂಗಡಿಗರು ಮಿಶ್ರ ಸಮರಕಲೆಯ ನುರಿತ ಹೋರಾಟಗಾರರ ಸ್ನಾಯುಗಳ ವಿದ್ಯುತ್ ಸಂಕೇತಗಳನ್ನು ಅಳೆದು 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅಂಶವನ್ನು ಸುಂದರವಾಗಿ ತೋರಿಸುತ್ತದೆ. ಹೊಡೆತದ ಆರಂಭದಲ್ಲಿ ಮುಂಡದ ಸ್ನಾಯುಗಳು ಒಮ್ಮೆ ಬಿಗಿಯುತ್ತವೆ, ಕೈಕಾಲು ವೇಗ ಪಡೆಯುವ ನಡುವಿನ ಹೊತ್ತಿನಲ್ಲಿ ಸಡಿಲವಾಗುತ್ತವೆ, ತಾಗುವ ಕ್ಷಣದಲ್ಲಿ ಮತ್ತೊಮ್ಮೆ ಬಿಗಿಯುತ್ತವೆ. ನಡುವಿನ ಸಡಿಲು ವೇಗ ಕೊಡುತ್ತದೆ, ಕೊನೆಯ ಬಿಗಿ ತೂಕ ಕೊಡುತ್ತದೆ. ಒಗೆಯುವ ಕಲ್ಲಿಗೆ ಬಟ್ಟೆ ಬಡಿಯುವಾಗಲೂ ಇದೇ ನಡೆಯುತ್ತದೆ: ಸಡಿಲವಾಗಿ ಬೀಸಿದ ಬಟ್ಟೆಯಷ್ಟೇ ಕಲ್ಲಿನ ಮೇಲೆ ಚಟೀರೆನ್ನುತ್ತದೆ. ಹಾಗಾಗಿ ಹೊಸಬರಿಗೆ ನಾನು ಮುಷ್ಟಿಯೊಳಗೆ ಒಂದು ಮೊಟ್ಟೆ ಹಿಡಿದಿರುವಂತೆ ಭಾವಿಸಿ, ತಾಗುವ ಹೊತ್ತಿಗೆ ಮಾತ್ರ ಅದನ್ನು ಒಡೆಯಿರಿ ಎನ್ನುತ್ತೇನೆ.

ಇಲ್ಲಿ ನಮ್ಮ ಗರಡಿ ಮನೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮೈಸೂರು ಸೀಮೆಯ ಗರಡಿಗಳಿಂದ ಬಾಕ್ಸಿಂಗ್‌ಗೆ ಬರುವ ಹುಡುಗರ ಕಾಲು, ಸೊಂಟ, ಬೆನ್ನು ಬಸ್ಕಿಯಿಂದ, ದಂಡದಿಂದ, ಗದೆ ತಿರುಗಿಸುವುದರಿಂದ ಎಷ್ಟು ಹುರಿಗೊಂಡಿರುತ್ತವೆ ಎಂದರೆ ಕಟ್ಟೆಯಲ್ಲಿ ನೀರಿಗೆ ಬರವೇ ಇರುವುದಿಲ್ಲ. ಅವರ ಕಷ್ಟ ಬಿಗಿತದ್ದು. ಕುಸ್ತಿಯಲ್ಲಿ ಹಿಡಿದದ್ದನ್ನು ಬಿಡದಿರುವುದೇ ವಿದ್ಯೆ, ಬಾಕ್ಸಿಂಗ್‌ನಲ್ಲಿ ತಾಗಿದ ಮರುಕ್ಷಣ ಬಿಟ್ಟು ಹಿಂದಕ್ಕೆ ತರುವುದು ವಿದ್ಯೆ. ಇಂಥವರಿಗೆ ಮೊದಲ ಆರು ತಿಂಗಳು ಹೊಸದಾಗಿ ಶಕ್ತಿ ತರಬೇತಿ ಕೊಡುವ ಅಗತ್ಯವೇ ಇಲ್ಲ ಎಂಬುದು ನನ್ನ ಅನುಭವ; ಶ್ಯಾಡೋ ಬಾಕ್ಸಿಂಗ್ (ಎದುರಾಳಿಯಿಲ್ಲದೆ ಗಾಳಿಯಲ್ಲಿ ಗುದ್ದುವ ಅಭ್ಯಾಸ) ಮತ್ತು ಸ್ಕಿಪ್ಪಿಂಗ್‌ನಿಂದ ಅವರನ್ನು ಸಡಿಲಗೊಳಿಸಿದರೆ ಸಾಕು. ಅಂದಹಾಗೆ, ದಸರೆಯಲ್ಲಿ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ನಮ್ಮ ಬಾಕ್ಸಿಂಗ್‌ನ ಪೂರ್ವಜ ಎಂದು ಕೆಲವರು ಹೆಮ್ಮೆಯಿಂದ ಹೇಳುತ್ತಾರೆ. ಅಲ್ಲಿ ಜಟ್ಟಿಗಳ ಕೈಯಲ್ಲಿ ಮೊನಚಾದ ಆಯುಧವಿರುತ್ತದೆ, ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಆ ಪರಂಪರೆಗೆ ನನ್ನ ಗೌರವವಿದೆ, ಆದರೆ ಗುದ್ದಿನ ಬಲಕ್ಕೂ ಅದಕ್ಕೂ ಸಂಬಂಧವಿಲ್ಲ.

ಗರಡಿಯಿಂದ ಬಾರದ ಹುಡುಗರಿಗೆ ಶಕ್ತಿ ತರಬೇತಿ ಬೇಕೇ ಬೇಕು, ಅದೂ ಕಾಲಿಗೆ ಮೊದಲು. ಸ್ಕ್ವಾಟ್, ಡೆಡ್‌ಲಿಫ್ಟ್, ಒಂದೇ ಕಾಲಿನ ಬಸ್ಕಿಗಳಿಂದ ಅಡಿಪಾಯ ಹಾಕಿ, ಆ ಮೇಲೆ ವೇಗದತ್ತ ಸಾಗಬೇಕು. ಗುದ್ದು ತಾಗಿ ಬಲ ಶಿಖರ ಮುಟ್ಟಲು ಬ್ರೂನೊ ಅವರಿಗೆ ಹಿಡಿದದ್ದು 14 ಮಿಲಿಸೆಕೆಂಡು ಎಂಬುದನ್ನು ನೆನಪಿಟ್ಟುಕೊಂಡರೆ, ಎಷ್ಟು ಭಾರ ಎತ್ತಬಲ್ಲೆ ಎಂಬುದಕ್ಕಿಂತ ಇರುವ ಬಲವನ್ನು ಎಷ್ಟು ಬೇಗ ಹೊರಹಾಕಬಲ್ಲೆ ಎಂಬುದೇ ಇಲ್ಲಿ ಎಣಿಕೆಗೆ ಬರುವುದು ಎಂದು ತಿಳಿಯುತ್ತದೆ. ಇದಕ್ಕೆ ನಾನು ಹೆಚ್ಚು ನಂಬುವ ಸಾಧನ ಮೆಡಿಸಿನ್ ಬಾಲ್. ಮೂರರಿಂದ ಐದು ಕಿಲೋಗ್ರಾಂ ಚೆಂಡನ್ನು ಬಾಕ್ಸಿಂಗ್ ನಿಲುವಿನಲ್ಲೇ ಹಿಡಿದು, ಹಿಂಗಾಲಿನಿಂದ ತಿರುಗಿ ಗೋಡೆಗೆ ಎಸೆಯುವುದು. ಒಂದು ಸರದಿಗೆ ಐದೇ ಎಸೆತ, ಪ್ರತಿ ಎಸೆತವೂ ಪೂರ್ಣ ವೇಗದ್ದು, ಸರದಿಗಳ ನಡುವೆ ಉಸಿರು ಪೂರ್ತಿ ತಹಬಂದಿಗೆ ಬರುವಷ್ಟು ವಿರಾಮ. ಬೆವರು ಸುರಿಯದ ಕಾರಣ ಇದನ್ನು ಕಸರತ್ತೆಂದು ಒಪ್ಪಲು ನಮ್ಮ ಹುಡುಗರಿಗೂ ಅವರ ಪೋಷಕರಿಗೂ ಕಷ್ಟ. ದಣಿದ ಮೈ ವೇಗವನ್ನು ಕಲಿಯುವುದಿಲ್ಲ, ನಿಧಾನವಾಗಿ ಚಲಿಸುವುದನ್ನೇ ಕಲಿಯುತ್ತದೆ ಎಂಬುದನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಜಿಗಿತಗಳು, ಮೂವತ್ತು ಮೀಟರ್ ಓಟ, ಚಪ್ಪಾಳೆ ತಟ್ಟುವ ಪುಷ್‌ಅಪ್ ಕೂಡ ಇದೇ ನಿಯಮಕ್ಕೆ ಒಳಪಡುತ್ತವೆ.

ಡಂಬಲ್ ಹಿಡಿದು ಶ್ಯಾಡೋ ಬಾಕ್ಸಿಂಗ್ ಮಾಡಿಸುವ ಪದ್ಧತಿಯನ್ನು ನಾನು ಬಿಟ್ಟು ಬಹಳ ವರ್ಷಗಳಾದವು. ಕೈಯಲ್ಲಿರುವ ಭಾರ ಕೆಳಕ್ಕೆ ಎಳೆಯುತ್ತದೆ, ಗುದ್ದು ಹೋಗಬೇಕಾದದ್ದು ಮುಂದಕ್ಕೆ. ಹೀಗಾಗಿ ಕಸರತ್ತಾಗುವುದು ಕೈಯನ್ನು ಎತ್ತಿ ಹಿಡಿಯುವ ಭುಜಕ್ಕೆ, ಗುದ್ದಿಗಲ್ಲ. ರಬ್ಬರ್ ಪಟ್ಟಿಯ ದೋಷ ಇನ್ನೊಂದು ತೆರನಾದದ್ದು: ಮುಷ್ಟಿ ಅತಿ ವೇಗ ಪಡೆಯಬೇಕಾದ ಕೊನೆಯ ಗೇಣಿನಲ್ಲೇ ಅದು ಅತಿ ಹೆಚ್ಚು ಎಳೆಯುತ್ತದೆ.

ಹೆವಿ ಬ್ಯಾಗನ್ನು ಎಲ್ಲರೂ ಬಳಸುತ್ತಾರೆ, ಅದರ ಮಾತನ್ನು ಕೇಳಿಸಿಕೊಳ್ಳುವವರು ಕಡಿಮೆ. ಗುದ್ದಿದಾಗ ಬ್ಯಾಗು ಉಯ್ಯಾಲೆಯಂತೆ ದೂರ ತೂಗಾಡಿದರೆ ಹುಡುಗ ಅದನ್ನು ತಳ್ಳಿದ್ದಾನೆ ಎಂದರ್ಥ. ಬ್ಯಾಗು ಇದ್ದಲ್ಲೇ ನಡುಗಿ, ತಾಗಿದ ಜಾಗದಲ್ಲಿ ಮಡಚಿಕೊಂಡು, ಸರಪಳಿ ಒಮ್ಮೆ ಕುಣಿದರೆ ಅದು ಗುದ್ದು. ತಳ್ಳುವಿಕೆಯಲ್ಲಿ ಬಲ ಹೆಚ್ಚು ಹೊತ್ತಿಗೆ ಹಂಚಿಹೋಗಿ ಅದರ ಶಿಖರ ತಗ್ಗುತ್ತದೆ. ಬ್ಯಾಗಿನ ಮೇಲ್ಮೈಗಲ್ಲ, ಅದರ ಒಳಗೆ ನಾಲ್ಕು ಬೆರಳಿನಷ್ಟು ಆಳಕ್ಕೆ ಗುರಿಯಿಟ್ಟು ಹೊಡೆದು ಕೂಡಲೇ ಕೆನ್ನೆಯ ಬಳಿಗೆ ಕೈ ತರಬೇಕು. ಬಲಕ್ಕಾಗಿ ಬ್ಯಾಗು ಹೊಡೆಯುವ ದಿನ ಮೂರು ನಿಮಿಷ ಎಡೆಬಿಡದೆ ಬಾರಿಸಬಾರದು. ಒಂದೋ ಎರಡೋ ಗುದ್ದು, ಮತ್ತೆ ಹೆಜ್ಜೆ ಸರಿಸಿ ಸಮತೋಲನಕ್ಕೆ ಬರುವುದು, ಮತ್ತೆ ಗುದ್ದು. ಕೈಪಟ್ಟಿ ಕಟ್ಟದೆ ಬ್ಯಾಗು ಮುಟ್ಟಲು ನಾನು ಯಾರಿಗೂ ಬಿಡುವುದಿಲ್ಲ. ಗುದ್ದಿನ ಬಲ ಹೆಚ್ಚಿದಂತೆಲ್ಲ ಆ ಬಲ ತನ್ನದೇ ಕೈಯ ಸಣ್ಣ ಎಲುಬುಗಳ ಮೂಲಕ ಹಾದುಹೋಗುತ್ತದೆ. ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳ ಬದಲು ಕಿರುಬೆರಳಿನ ಕಡೆಯಿಂದ ತಾಗಿಸುವವರಲ್ಲಿ ಕಿರುಬೆರಳಿನ ಬುಡದ ಅಂಗೈ ಎಲುಬು ಮುರಿಯುವುದು ಎಷ್ಟು ಸಾಮಾನ್ಯವೆಂದರೆ ವೈದ್ಯರು ಅದನ್ನು ಬಾಕ್ಸರ್ ಮುರಿತ ಎಂದೇ ಕರೆಯುತ್ತಾರೆ.

ಇಲ್ಲಿಯವರೆಗೆ ನಾನು ಹೇಳಿದ್ದೆಲ್ಲ ಕದಲದೆ ನಿಂತ ಗುರಿಯ ವಿಷಯ. ರಿಂಗಿನಲ್ಲಿ ಎದುರಾಳಿ ನಿಂತಿರುವುದಿಲ್ಲ, ಅವನಿಗೆ ಕುತ್ತಿಗೆಯಿದೆ, ಕಣ್ಣಿದೆ. ಬರುವುದು ಕಂಡರೆ ಅವನು ಕುತ್ತಿಗೆ ಬಿಗಿಯುತ್ತಾನೆ, ಗದ್ದ ಒಳಕ್ಕೆ ಸೆಳೆಯುತ್ತಾನೆ, ತುಸು ಹಿಂದೆ ಸರಿಯುತ್ತಾನೆ. 4000 ನ್ಯೂಟನ್ ಆಗಬೇಕಿದ್ದ ಹೊಡೆತ ಅರ್ಧಕ್ಕೂ ಇಳಿಯಬಹುದು. ಪ್ರಜ್ಞೆ ತಪ್ಪಿಸುವುದು ತಲೆಯ ಹಠಾತ್ ತಿರುವು, ಗದ್ದ ಆ ತಿರುವಿನ ಸನ್ನೆಗೋಲಿನ ತುದಿ. ಬಿಗಿಯದ ಕುತ್ತಿಗೆಯ ಮೇಲೆ ಕಾಣದೆ ಬಂದ ಸಾಧಾರಣ ಗುದ್ದೇ ಈ ಕೆಲಸ ಮಾಡಬಲ್ಲದು. 1994ರ ನವೆಂಬರ್ 5ರಂದು ಲಾಸ್ ವೇಗಸ್‌ನಲ್ಲಿ 45 ವರ್ಷದ ಜಾರ್ಜ್ ಫೋರ್‌ಮನ್ ತಮಗಿಂತ ಸುಮಾರು 19 ವರ್ಷ ಚಿಕ್ಕವರಾದ ಮೈಕಲ್ ಮೂರರ್ ಅವರನ್ನು ಹತ್ತನೇ ರೌಂಡಿನಲ್ಲಿ ಕೆಡವಿದ ಬಲಗೈ ಗುದ್ದನ್ನು ನೋಡಿ. ಅದು ಗೇಣುದ್ದದ ಗುದ್ದು. ಫೋರ್‌ಮನ್ ಅಲ್ಲಿಯವರೆಗೆ ಮೂವರು ತೀರ್ಪುಗಾರರ ಅಂಕಪಟ್ಟಿಯಲ್ಲೂ ಹಿಂದಿದ್ದರು, ಯೌವನದ ವೇಗ ಎಂದೋ ಹೋಗಿತ್ತು. ಉಳಿದಿದ್ದದ್ದು ಊರಿದ ಕಾಲು, ಸೋರದ ದಾರಿ, ಮತ್ತು ಮೂರರ್ ತಮ್ಮ ಮುಂದೆ ನೇರ ನಿಲ್ಲುವ ಆ ಒಂದು ಕ್ಷಣಕ್ಕಾಗಿ ಕಾಯುವ ತಾಳ್ಮೆ. 2004ರಲ್ಲಿ ಬರ್ನಾರ್ಡ್ ಹಾಪ್ಕಿನ್ಸ್ ಅವರು ಆಸ್ಕರ್ ಡಿ ಲಾ ಹೋಯಾ ಅವರನ್ನು ಒಂಬತ್ತನೇ ರೌಂಡಿನಲ್ಲಿ ಸೋಲಿಸಿದ್ದಂತೂ ಪಕ್ಕೆಯ ಕೆಳಗೆ, ಯಕೃತ್ತಿನ ಮೇಲೆ ಬಿದ್ದ ಒಂದು ಎಡಗೈ ಗುದ್ದಿನಿಂದ.

ನಮ್ಮ ದೇಶದ ಬಾಕ್ಸಿಂಗ್‌ನಲ್ಲಿ ಬಲದ ಪಾಠ ಹಿಂದೆ ಬಿದ್ದದ್ದಕ್ಕೆ ಒಂದು ಐತಿಹಾಸಿಕ ಕಾರಣವೂ ಇದೆ ಎಂದು ನಾನು ನಂಬುತ್ತೇನೆ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬಾಕ್ಸರ್ ರಾಯ್ ಜೋನ್ಸ್ ಜೂನಿಯರ್ ಅವರಿಗೆ ಫೈನಲ್‌ನಲ್ಲಿ ತೀರ್ಪುಗಾರರಿಂದ ಆದ ಅನ್ಯಾಯದ ಗದ್ದಲದ ನಂತರ, 1992ರ ಬಾರ್ಸಿಲೋನಾದಿಂದ 2012ರ ಲಂಡನ್‌ವರೆಗೆ ಒಲಿಂಪಿಕ್ಸ್‌ನಲ್ಲಿ ತೀರ್ಪುಗಾರರು ಗುಂಡಿ ಒತ್ತಿ ಅಂಕ ಕೊಡುವ ಪದ್ಧತಿ ನಡೆಯಿತು. ಸ್ಪಷ್ಟವಾಗಿ ತಾಗಿದ ಗುದ್ದಿಗೆ ಒಂದು ಅಂಕ, ಅದು ತಟ್ಟಿದ್ದೋ ಕೆಡವಿದ್ದೋ ಎಂಬ ಭೇದವಿಲ್ಲ. ಒಂದು ಇಡೀ ಪೀಳಿಗೆ ಮುಟ್ಟಿ ಓಡುವ ಆಟವನ್ನು ಕಲಿತದ್ದು ಹೀಗೆ, ಅಂದಿನ ಲೆಕ್ಕಕ್ಕೆ ಅದು ಜಾಣತನವೂ ಆಗಿತ್ತು. 2013ರಿಂದ ರೌಂಡಿಗೆ ಹತ್ತು ಅಂಕದ ಪದ್ಧತಿ ಬಂದ ಮೇಲೆ ಗುದ್ದಿನ ಗುಣಮಟ್ಟ ತೀರ್ಪುಗಾರರ ಕಣ್ಣಿಗೆ ಬೀಳುತ್ತದೆ, ಆದರೆ ಕಲಿಸುವವರಾದ ನಾವು ಅನೇಕರು ಇನ್ನೂ ಹಳೆಯ ಪಾಠವನ್ನೇ ಒಪ್ಪಿಸುತ್ತಿದ್ದೇವೆ. ತೂಕದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. 2012ರಲ್ಲಿ ಮಹಿಳೆಯರಿಗೆ ಮೂರೇ ತೂಕ ವಿಭಾಗಗಳಿದ್ದುದರಿಂದ, 46 ಮತ್ತು 48 ಕಿಲೋಗ್ರಾಂ ವಿಭಾಗಗಳಲ್ಲಿ ವಿಶ್ವ ಪ್ರಶಸ್ತಿ ಗೆದ್ದಿದ್ದ ಮೇರಿ ಕೋಮ್ 51ರಲ್ಲಿ ಆಡಬೇಕಾಯಿತು. ಹೊರಗಿನವರಿಗೆ ಮೂರು ಕಿಲೋಗ್ರಾಂ ಎಂದರೆ ಒಂದು ಚೀಲ ತರಕಾರಿ, ರಿಂಗಿನೊಳಗೆ ಅದು ಪ್ರತಿ ಗುದ್ದಿನ ಹಿಂದೆಯೂ ಇರುತ್ತದೆ. ಅವರು ಅಲ್ಲಿ ಕಂಚು ಗೆದ್ದದ್ದನ್ನು ನಾನು ಅವರ ಎಷ್ಟೋ ಚಿನ್ನಗಳಿಗಿಂತ ಮೇಲೆಂದು ಎಣಿಸುತ್ತೇನೆ. ಇನ್ನು ತೂಕ ಇಳಿಸಲೆಂದು ಪಂದ್ಯದ ಹಿಂದಿನ ದಿನಗಳಲ್ಲಿ ನೀರು ಬಿಡಿಸುವ ದುರಭ್ಯಾಸ ಮೊದಲು ಕಸಿಯುವುದು ಕಾಲಿನ ಕಸುವನ್ನು. ಹಾಗೆ ಇಳಿದು ಬಂದ ಹುಡುಗ ಕೆಳಗಿನ ವಿಭಾಗದಲ್ಲಿ ನಿಂತಿರುತ್ತಾನೆ, ಅವನ ಗುದ್ದು ಅದಕ್ಕೂ ಕೆಳಗಿನ ವಿಭಾಗದ್ದಾಗಿರುತ್ತದೆ.

ಬಲ ಬರುತ್ತಿದ್ದಂತೆ ಸ್ಪಾರಿಂಗ್‌ನ, ಅಂದರೆ ಜೊತೆಗಾರನೊಡನೆ ಆಡುವ ಅಭ್ಯಾಸ ಪಂದ್ಯದ, ಹೊಣೆ ಹೆಚ್ಚುತ್ತದೆ. ಸಹಪಾಠಿಯ ತಲೆ ಬಲ ಪರೀಕ್ಷಿಸುವ ಜಾಗವಲ್ಲ. ಪೂರ್ಣ ಬಲದ ಗುದ್ದು ಬ್ಯಾಗಿಗೆ, ಪ್ಯಾಡಿಗೆ ಮಾತ್ರ ಎಂಬ ನಿಯಮವನ್ನು ಮುರಿದವನನ್ನು, ಎಷ್ಟೇ ಪ್ರತಿಭಾವಂತನಾದರೂ, ಅಂದು ರಿಂಗಿನಿಂದ ಇಳಿಸುವುದು ನನ್ನ ಪದ್ಧತಿ.

ಉಪನ್ಯಾಸದ ಕೊನೆಯಲ್ಲಿ ಶಿಕ್ಷಕಿಯೊಬ್ಬರು ಒಂದು ಪ್ರಶ್ನೆ ಕೇಳಿದರು: “ಸರ್, ನಮ್ಮ ಶಾಲೆಯಲ್ಲಿ ಬಲ ಅಳೆಯುವ ಯಂತ್ರ ಎಲ್ಲಿಂದ ಬರಬೇಕು? ಸುಧಾರಿಸುತ್ತಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ?” ಎರಡು ಉಪಾಯ ಹೇಳಿದೆ. ಎಲ್ಲರ ಕೈಯಲ್ಲೂ ಇರುವ ಮೊಬೈಲಿನ ನಿಧಾನಗತಿಯ ಕ್ಯಾಮೆರಾದಲ್ಲಿ ಪಕ್ಕದಿಂದ ಒಂದು ಕ್ರಾಸನ್ನು ಸೆರೆಹಿಡಿದು, ಹಿಮ್ಮಡಿ, ಸೊಂಟ, ಭುಜ, ಮುಷ್ಟಿ ಯಾವ ಕ್ರಮದಲ್ಲಿ ಹೊರಡುತ್ತವೆ ಎಂದು ವಿದ್ಯಾರ್ಥಿಯೊಡನೆ ಕೂತು ನೋಡಿ. ಮುಷ್ಟಿ ಮೊದಲು ಹೊರಟಿದ್ದರೆ ಕೆಲಸ ಎಲ್ಲಿ ಬಾಕಿಯಿದೆ ಎಂದು ಇಬ್ಬರಿಗೂ ಗೊತ್ತಾಗುತ್ತದೆ. ಎರಡನೆಯದಕ್ಕೆ ಆಟದ ಮೈದಾನದಲ್ಲಿ ಒಂದು ಸುಣ್ಣದ ಗೆರೆ ಸಾಕು. ಬಾಕ್ಸಿಂಗ್ ನಿಲುವಿನಲ್ಲಿ ನಿಂತು, ಮೂರು ಕಿಲೋಗ್ರಾಂ ಮೆಡಿಸಿನ್ ಬಾಲನ್ನು ಹಿಂಗೈಯಿಂದ ಗುಂಡೆಸೆತದಂತೆ ತಳ್ಳಿ ಎಸೆಯಲು ಹೇಳಿ, ಮೂರು ಎಸೆತಗಳಲ್ಲಿ ದೂರದ್ದನ್ನು ವಹಿಯಲ್ಲಿ ಬರೆದಿಡಿ. ತಿಂಗಳಿಗೊಮ್ಮೆ, ಅದೇ ಚೆಂಡು, ಅದೇ ಹೊತ್ತು, ತರಗತಿಯ ಓಟ ಶುರುವಾಗುವ ಮೊದಲು. ಹೆಸರಿನ ಮುಂದೆ ಅಂಗಿಯ ಅಳತೆ ಬರೆಯುವ ಅಗತ್ಯವಿಲ್ಲ ಎಂದಾಗ ಅವರು ನಕ್ಕರು.